ಐದು ಮಿಲಿಮೀಟರ್ ಜಾಸ್ತಿ

ಬಂಗಾರಮ್ಮನ ಬಾಯಿ ಜೋರು ಎಂದು ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಜೋರಿಲ್ಲದೆ ಏನು ಮಾಡಬೇಕಿತ್ತು ಹೇಳಿ? ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಿನ ಆ ಜಾಗದಲ್ಲಿ, ಸುತ್ತ ಗಂಡಸರೇ ತುಂಬಿರುವ ಕಡೆ, ಇಪ್ಪತ್ತೆರಡು ವರ್ಷದಿಂದ ತಗಡಿನ ಶೆಡ್ಡೊಂದನ್ನು ನಡೆಸಿಕೊಂಡು ಬಂದವಳು ಅವಳು. ಮೆತ್ತಗಿದ್ದಿದ್ದರೆ ಆ ಶೆಡ್ಡಿನಲ್ಲಿ ಈಗ ಯಾರೋ ಪ್ಲಾಸ್ಟಿಕ್ ಕುರ್ಚಿ ಮಾರುತ್ತಿರುತ್ತಿದ್ದರು.

ಅವಳದು ಪ್ಯಾಟರ್ನ್ ಮಾಡುವ ಕಸುಬು. ಕಬ್ಬಿಣದ ಯಾವ ಭಾಗವನ್ನು ಎರಕ ಹೊಯ್ಯಬೇಕಾದರೂ ಮೊದಲು ಅದನ್ನು ಮರದಲ್ಲಿ ಮಾಡಿಕೊಳ್ಳಬೇಕು. ಆ ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಗುಂಡಿಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಆ ಅಚ್ಚಿಗೇ ಪ್ಯಾಟರ್ನ್ ಅನ್ನುವುದು. ಅಚ್ಚು ಕೆಟ್ಟರೆ ಮುಂದಿನದೆಲ್ಲ ಕೆಟ್ಟಂತೆ.

ಕೆಲಸ ಕಲಿಸಿದ್ದು ಅಪ್ಪ ರಾಮಯ್ಯ. ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇದನ್ನೇ ಮಾಡಿದವರು. ಕಾದ ಕಬ್ಬಿಣ ತಣ್ಣಗಾದಾಗ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೋ ಅಷ್ಟು ದೊಡ್ಡದಾಗಿ ಮರ ಕೊರೆಯಬೇಕು. ಅದಕ್ಕೆಂದೇ ಪ್ಯಾಟರ್ನಿನವರ ಸ್ಕೇಲು ಬೇರೆ, ಅದರ ಗೆರೆಗಳು ಅಂಗಡಿಯ ಸ್ಕೇಲಿಗಿಂತ ಚೂರು ದೂರ ದೂರ. ಏಳನೇ ಕ್ಲಾಸಿನಲ್ಲಿದ್ದಾಗ ಬಂಗಾರಮ್ಮ ತನ್ನ ಸ್ಕೇಲು ಮುರಿಯಿತೆಂದು ಅಪ್ಪನ ಸ್ಕೇಲನ್ನು ಚೀಲಕ್ಕೆ ಹಾಕಿಕೊಂಡು ಹೋಗಿ, ಬರೆದ ಗೆರೆಯನ್ನೆಲ್ಲ ತಪ್ಪು ಮಾಡಿದ್ದಳು. ಮೇಷ್ಟ್ರು ತಮ್ಮ ಸ್ಕೇಲನ್ನು ಪಕ್ಕದಲ್ಲಿಟ್ಟು ನೋಡಿ, "ಎಲ್ಲಿ ಸಿಕ್ತೇ ಈ ಸುಳ್ಳು ಸ್ಕೇಲು?" ಎಂದು ಕಿವಿ ಹಿಂಡಿದರು. ಮನೆಗೆ ಬಂದು ಅತ್ತರೆ ರಾಮಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸುಳ್ಳಲ್ಲ ಕಣೇ. ಮುಂದೆ ಆಗೋದನ್ನ ಅದು ಈಗಲೇ ಹೇಳುತ್ತೆ, ಅಷ್ಟೇ."

ನಿವೃತ್ತರಾದ ಮೇಲೆ ರಾಮಯ್ಯ ಈ ಶೆಡ್ಡು ಹಾಕಿದರು. ಕಣ್ಣು ಮಂಜಾದಾಗ ಗೆರೆ ಎಳೆಯಲು ಮಗಳು ಬಂದಳು, ಗೆರೆ ಎಳೆದವಳು ಉಳಿ ಹಿಡಿದಳು, ಉಳಿ ಹಿಡಿದವಳು ಅಪ್ಪ ಹೋದ ಮೇಲೂ ಬಿಡಲಿಲ್ಲ. ಹೆಂಗಸಿನ ಕೈಯ ಅಚ್ಚು ನಮಗೆ ಬೇಡ ಅಂದಿದ್ದ ಫೌಂಡ್ರಿಯವರೇ ಆಮೇಲೆ ಬಂದು ಬಾಗಿಲಲ್ಲಿ ಕಾದರು. ಅವರನ್ನು ಅವಳು ಸಾಕಷ್ಟು ಕಾಯಿಸಿದಳು ಕೂಡ.

ಆದರೆ ಈಚೆಗೆ ಎರಡು ವರ್ಷದಿಂದ ಕೆಲಸ ಇಳಿಯುತ್ತ ಬಂದಿತ್ತು. ಹೊಸ ಕಂಪನಿ ಯಾವುದೂ ಈ ಕಡೆ ತಲೆ ಹಾಕುತ್ತಿರಲಿಲ್ಲ. ಶೆಡ್ಡಿನ ಆರು ಜನರಲ್ಲಿ ಇಬ್ಬರಿಗೆ ಆಗಲೇ ಹೊರಗಿನಿಂದ ಕೆಲಸಕ್ಕೆ ಕರೆ ಬಂದಿತ್ತು. ಅಂಥ ಹೊತ್ತಿಗೆ ಸುದ್ದಿ ಬಂತು: ಕೊಯಮತ್ತೂರಿನ ಪಂಪ್ ಕಂಪನಿಯೊಂದು ಹೊಸ ಘಟಕಕ್ಕೆ ಜಾಗ ಹುಡುಕುತ್ತಿದೆ, ಹೊಸೂರು, ಬೆಳಗಾವಿಗಳ ಜೊತೆ ಶಿವಮೊಗ್ಗವೂ ಪಟ್ಟಿಯಲ್ಲಿದೆ. ಬಂದರೆ ಪಂಪಿನ ಒಂದೊಂದು ಭಾಗಕ್ಕೂ ಹೊಸ ಪ್ಯಾಟರ್ನ್ ಬೇಕು. ಬಾರದಿದ್ದರೆ ದೀಪಾವಳಿಯ ಹೊತ್ತಿಗೆ ಶೆಡ್ಡಿಗೆ ಬೀಗ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಆರು ಜನಕ್ಕೂ ಗೊತ್ತಿತ್ತು.

ಊರಿನ ಕೈ ಹೇಗಿದೆ ನೋಡೋಣವೆಂದು ಕಂಪನಿಯವರು ಪಂಪಿನ ಮುಚ್ಚಳವೊಂದರ ಡ್ರಾಯಿಂಗ್ ಕಳಿಸಿದ್ದರು. ಪ್ಯಾಟರ್ನ್ ಮಾಡುವ ಕೆಲಸ ಬಂಗಾರಮ್ಮನ ಪಾಲಿಗೆ ಬಂತು. ಅತಿಥಿಗಳನ್ನು ಕರೆತರುವ ಹೊಣೆ ಉದ್ಯಮಿಗಳ ಸಂಘದ ಕಾರ್ಯದರ್ಶಿ ವಿಜಯಕುಮಾರ್ ಅವರದು. ಅವರದು ಅಕ್ಕಿ ಗಿರಣಿ. ಎರಕದ ಗಂಧಗಾಳಿ ಇಲ್ಲ. ಆದರೆ ಬಿಳಿ ಅಂಗಿ ಹಾಕಿಕೊಂಡು ಹಾರ ಹಾಕುವುದರಲ್ಲಿ ಅವರನ್ನು ಮೀರಿಸುವವರು ಜಿಲ್ಲೆಯಲ್ಲಿ ಯಾರೂ ಇರಲಿಲ್ಲ.

"ಬೆಳಿಗ್ಗೆ ಸಕ್ರೆಬೈಲಲ್ಲಿ ಆನೆ ಸ್ನಾನ, ಆಮೇಲೆ ಕೋಟೆಯಲ್ಲಿ ದೇವರ ದರ್ಶನ, ಊಟ, ಜಮೀನು. ನಿಮ್ಮ ಶೆಡ್ಡಿಗೆ ಇಪ್ಪತ್ತು ನಿಮಿಷ," ಎಂದು ಅವರು ಪಟ್ಟಿ ಓದಿದರು. "ಭದ್ರಾವತಿ ಊರೊಳಗೆ ಮಾತ್ರ ಬೇಡ. ಕಾರ್ಖಾನೆಯ ಮುಚ್ಚಿದ ಗೇಟು ನೋಡಿದ್ರೆ ಅವರ ಮನಸ್ಸು ಕೆಡುತ್ತೆ."

"ಆನೆ ನೋಡಿ ಯಾರಾದ್ರೂ ಫ್ಯಾಕ್ಟ್ರಿ ಹಾಕ್ತಾರೇನ್ರೀ ಸಾರ್? ಆನೆ ಬಂದು ಲೇತ್ ತಿರುಗಿಸುತ್ತಾ?"

"ಮಾರಾಯ್ತಿ, ನಿಮ್ಮ ಬಾಯಿಗೊಂದು ದೊಡ್ಡ ನಮಸ್ಕಾರ. ಅವತ್ತು ಒಂದು ದಿನ ಸುಮ್ಮನಿರಿ."

ಆಗಲಿ ಅಂದಳು. ಅತಿಥಿಗಳು ಬಂದ ದಿನ ಹದಿನೈದು ನಿಮಿಷ ಮಾತು ಉಳಿಸಿಕೊಂಡಳು ಕೂಡ.

ಕಂಪನಿಯ ಮಾಲೀಕರು ಸೆಲ್ವರಾಜ್, ಎಪ್ಪತ್ತರ ಹತ್ತಿರದವರು. ಅವರು ಶೆಡ್ಡಿಗೆ ಬರಲೇ ಇಲ್ಲ. ಆನೆ ನೋಡಲು ಹೋಗಿ ಹೊಳೆದಂಡೆಯಲ್ಲಿ ಕಾಲು ಉಳುಕಿಸಿಕೊಂಡು ಹೋಟೆಲಿನಲ್ಲಿ ಮಲಗಿದ್ದರು. ಬಂದವನು ನಿಶಾಂತ್ ಎಂಬ ಬೆಂಗಳೂರಿನ ಸಲಹೆಗಾರ. ಯಾವ ಊರಿಗೆ ಎಷ್ಟು ಅಂಕ ಎಂದು ಬರೆದುಕೊಡುವುದು ಅವನ ಕೆಲಸ. ತೇಗದ ಮರದ ಪ್ಯಾಟರ್ನನ್ನು ಒಮ್ಮೆ ಸವರಿ, ಜೇಬಿನಿಂದ ಟೇಪು ತೆಗೆದು ಅಳೆದ. ಮತ್ತೊಮ್ಮೆ ಅಳೆದ.

"ಡ್ರಾಯಿಂಗಲ್ಲಿ ಅಡ್ಡಳತೆ ಐನೂರು ಮಿಲಿಮೀಟರ್. ಇದು ಐನೂರೈದು ಇದೆ. ಐದು ಮಿಲಿಮೀಟರ್ ಜಾಸ್ತಿ! ಇಷ್ಟು ದೊಡ್ಡ ತಪ್ಪಾ?"

ಬಂಗಾರಮ್ಮ ಬಾಯಿ ತೆರೆಯುವಷ್ಟರಲ್ಲಿ ವಿಜಯಕುಮಾರ್ ಮುಂದೆ ಬಿದ್ದರು. "ಸಾರಿ ಸಾರ್, ಸಾರಿ. ಇಲ್ಲಿಯ ಜನಕ್ಕೆ ಅಷ್ಟೆಲ್ಲ ಗೊತ್ತಾಗಲ್ಲ. ನಾಳೆಯೊಳಗೆ ಸರಿ ಮಾಡಿಸ್ತೀನಿ."

"ಏನು ಗೊತ್ತಾಗಲ್ಲ?" ಬಂಗಾರಮ್ಮನ ಕಿವಿ ಬಿಸಿಯಾಯಿತು. "ಕಬ್ಬಿಣ ಆರಿದ ಮೇಲೆ ನೂರಕ್ಕೆ ಒಂದು ಪಾಲು ಕುಗ್ಗುತ್ತೆ ಸ್ವಾಮಿ. ಐನೂರು ಬೇಕಾದ್ರೆ ಮರ ಐನೂರೈದೇ ಇರಬೇಕು. ಈ ಭಾಗಕ್ಕೆ ಲೇತ್ ಹಚ್ಚೋದೂ ಇಲ್ಲ, ಎರಕದಲ್ಲಿ ಬಂದದ್ದೇ ಅಳತೆ."

"ಮೇಡಂ, ನಾನು ಡ್ರಾಯಿಂಗ್ ನೋಡಿ ಹೇಳ್ತಿದ್ದೀನಿ. ಅಂದಾಜು ಬೇಡ," ಎಂದು ನಿಶಾಂತ್ ತನ್ನ ಹಾಳೆಯಲ್ಲಿ ಏನೋ ಗುರುತು ಹಾಕಿದ. ಅಪ್ಪನ ಕಾಲದಿಂದ ಬಂದ ಲೆಕ್ಕವನ್ನು ಅಂದಾಜು ಅಂದನಲ್ಲ! ಅವಳಿಗೆ ಕೈಲಿದ್ದ ಕೊಡತಿಯನ್ನು ಎತ್ತಿ ಬಿಸಾಡುವಷ್ಟು ಸಿಟ್ಟು ಬಂತು. ಅತಿಥಿಯ ಕಾರು ಆಗಲೇ ತಿರುಗಿತ್ತು.

ಸ್ವಲ್ಪ ಹೊತ್ತಿಗೆ ವಿಜಯಕುಮಾರರ ಫೋನು ಬಂತು. "ಬಂಗಾರಮ್ಮ, ಆ ಐದು ಮಿಲಿಮೀಟರ್ ಹೆರೆಸಿಬಿಡಿ. ನಾಳೆ ಹನ್ನೊಂದಕ್ಕೆ ಹೋಟೆಲಿನಲ್ಲಿ ಕೊನೇ ಸಭೆ. ನಾನೇ ತಗೊಂಡು ಹೋಗಿ ತೋರಿಸ್ತೀನಿ. ಊರಿನ ಮರ್ಯಾದೆ ಪ್ರಶ್ನೆ."

"ಹೆರೆಯಲ್ಲ."

"ಹಟ ಮಾಡ್ಬೇಡಿ. ಕಂಪನಿ ಹೋದ್ರೆ ಮೊದಲು ಮುಚ್ಚೋದು ನಿಮ್ಮ ಶೆಡ್ಡೇ."

"ಗೊತ್ತು. ಹೆರೆದ್ರೆ ಮುಚ್ಚಳ ಸಣ್ಣದಾಗುತ್ತೆ. ಪಂಪಿಗೆ ಕೂರಲ್ಲ. ಆವಾಗ ಊರಿನ ಮರ್ಯಾದೆ ಎಲ್ಲಿಡ್ತೀರಿ?" ಎಂದು ಫೋನು ಇಟ್ಟಳು.

ಭೀಮೇಶ ಎಲ್ಲ ಕೇಳಿಸಿಕೊಂಡಿದ್ದ. ಹದಿನಾರು ವರ್ಷದಿಂದ ಅವಳ ಜೊತೆ ದುಡಿಯುತ್ತಿದ್ದವನು. ಹೊರಗಿನಿಂದ ಕರೆ ಬಂದಿದ್ದ ಇಬ್ಬರಲ್ಲಿ ಅವನೂ ಒಬ್ಬ. "ಅಕ್ಕ, ಒಂದು ಮಾತು ಹೇಳ್ಲಾ? ತೋರಿಸೋಕೆ ಅಂತ ಐನೂರರದ್ದು ಇನ್ನೊಂದು ಮಾಡಿಬಿಡೋಣ. ಎರಕಕ್ಕೆ ಇದು ಇರಲಿ. ಅವರಿಗೂ ಸಮಾಧಾನ, ನಮಗೂ ಕೆಲಸ."

ಒಂದು ಗಳಿಗೆ ಬಂಗಾರಮ್ಮನ ಮನಸ್ಸೂ ಆ ಕಡೆ ವಾಲಿತು. ಯಾಕೆ ವಾಲಬಾರದು? ಆರು ಮನೆಯ ಅನ್ನ. ಆದರೆ ಆ ಯೋಚನೆ ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಕೋಪ ಉಕ್ಕಿತು. "ತೋರಿಸೋಕೆ ಒಂದು, ಮಾಡೋಕೆ ಒಂದು ಅಂತ ಮಾಡ್ಕೊಂಡೇ ನಮ್ಮೂರು ಈ ಗತಿಗೆ ಬಂದಿರೋದು ಮಾರಾಯ. ಏಳು. ಪಕ್ಕದ ಫೌಂಡ್ರಿಯಲ್ಲಿ ಸಂಜೆ ಎರಕ ಇದೆ. ಇದನ್ನೂ ಹೊಯ್ಯಿಸೋಣ."

ಮರುದಿನ ಬೆಳಿಗ್ಗೆ ಮರಳು ಒಡೆದು ಮುಚ್ಚಳ ತೆಗೆದಾಗ ಅದು ಇನ್ನೂ ಬೆಚ್ಚಗಿತ್ತು. ಆರಲು ಬಿಟ್ಟು, ಉಜ್ಜಿ, ಗೋಣಿಯಲ್ಲಿ ಸುತ್ತಿ, ಮರದ ಪ್ಯಾಟರ್ನನ್ನೂ ಜೊತೆಗಿಟ್ಟು ಲಗೇಜ್ ಆಟೋದಲ್ಲಿ ಶಿವಮೊಗ್ಗಕ್ಕೆ ಹೊರಟರು.

ಹೋಟೆಲಿನ ತಂಪು ಹಾಲಿನಲ್ಲಿ ಪರದೆಯ ಮೇಲೆ ಜೋಗ ಧುಮುಕುತ್ತಿತ್ತು. ಆಮೇಲೆ ವಿಮಾನ ನಿಲ್ದಾಣ, ಆಮೇಲೆ ಮತ್ತೆ ಆನೆ. ಆಮೇಲೆ ನಿಶಾಂತನ ಪಟ್ಟಿ: ನೀರು ಉತ್ತಮ, ರಸ್ತೆ ಉತ್ತಮ, ಕುಶಲತೆ ಕಡಿಮೆ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬಂಗಾರಮ್ಮ ಒಳಗೆ ಬಂದಳು. ಹಿಂದೆ ಭೀಮೇಶನೂ ಆಟೋದವನೂ ಗೋಣಿಯ ಭಾರಕ್ಕೆ ಬಗ್ಗಿಕೊಂಡು ಬಂದು, ಹೂದಾನಿ ಸರಿಸಿ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಅದನ್ನು ಧಡ್ ಎಂದು ಇಟ್ಟರು. ವಿಜಯಕುಮಾರ್ ಮುಖ ಮುಚ್ಚಿಕೊಂಡರು.

ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ಮೂರು ಭಾಷೆಯಲ್ಲಿ ಬೈಯಲು ಬರುತ್ತದೆ. ಬಂಗಾರಮ್ಮನ ಪಕ್ಕದ ಮನೆಯವರು ತಮಿಳರು, ಹಿಂದಿನ ಮನೆಯವರು ತೆಲುಗರು. ಎರಡು ದಿನದಿಂದ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡಿಸುತ್ತಿದ್ದ ಸೆಲ್ವರಾಜರ ಎದುರು ನಿಂತು ಅವಳು ನೇರ ತಮಿಳಿನಲ್ಲಿ ಕೇಳಿದಳು. "ಐಯಾ, ಸೂಡು ಆರಿನಾ ಇರುಂಬು ಸುರುಂಗುಂ. ಉಂಗಳುಕ್ಕು ತೆರಿಯಾದಾ?" ಬಿಸಿ ಆರಿದರೆ ಕಬ್ಬಿಣ ಕುಗ್ಗುತ್ತದೆ, ನಿಮಗೆ ಗೊತ್ತಿಲ್ಲವೇ?

ಸೆಲ್ವರಾಜ್ ಕುಂಟುತ್ತ ಎದ್ದು ಬಂದರು. ನಿಶಾಂತನ ಟೇಪನ್ನೇ ಇಸಿದುಕೊಂಡು ಮರವನ್ನು ಅಳೆದರು: ಐನೂರೈದು. ಕಬ್ಬಿಣವನ್ನು ಅಳೆದರು: ಐನೂರು. ಅಂಚಿನ ಸುತ್ತ ಬೆರಳಾಡಿಸಿದರು, ಒಳಗಿನ ತಿರುವನ್ನು ಬಗ್ಗಿ ನೋಡಿದರು. ಆಮೇಲೆ ನಿಶಾಂತನ ಕಡೆ ತಿರುಗಿ, "ತಮ್ಮಾ, ಆ ಕುಶಲತೆ ಅನ್ನೋ ಸಾಲನ್ನ ಹೊಡೆದುಹಾಕು," ಅಂದರು. ಭೀಮೇಶನ ಕಣ್ಣು ತುಂಬಿತು. ಬಂಗಾರಮ್ಮನಿಗೆ ಗೆದ್ದೆ ಅನಿಸಿತು.

ಹಾಗೆ ಅಂದುಕೊಂಡದ್ದು ಅವಸರವಾಯಿತು. ಮುದುಕರು ಅವಳ ಕಡೆ ನೋಡಿ, "ನೀವು ಕೊಯಮತ್ತೂರಿಗೆ ಬಂದುಬಿಡಿ," ಅಂದರು. "ದೊಡ್ಡ ಶೆಡ್ಡು, ಮನೆ, ನಿಮ್ಮ ಆರೂ ಜನಕ್ಕೆ ಕೆಲಸ. ಇಂಥ ಕೈ ಅಲ್ಲೂ ಕಡಿಮೆಯಾಗಿದೆ. ಇಲ್ಲಿ ಘಟಕ ಹಾಕೋದು ಆಮೇಲೆ ನೋಡೋಣ."

ವಿಜಯಕುಮಾರ್ ಮುಖದಿಂದ ಕೈ ತೆಗೆದರು. "ಎಂಥ ಅದೃಷ್ಟ! ಒಪ್ಪಿಕೊಳ್ಳಿ ಬಂಗಾರಮ್ಮ!" ಊರಿಗೆ ಕಂಪನಿ ತರಿಸಬೇಕಾದ ಮನುಷ್ಯ ಊರಿನವರನ್ನೇ ಕಳಿಸಿಕೊಡಲು ನಿಂತಿದ್ದ. ಬಂಗಾರಮ್ಮನಿಗೆ ರೇಗಿಹೋಯಿತು. ಸಿಟ್ಟು ನೆತ್ತಿಗೇರಿದರೆ ಅವಳಿಗೆ ಕನ್ನಡವೇ ಬೇಕು.

"ಸಾರ್, ನಾನು ಹೇಳೋದನ್ನ ಅವರಿಗೆ ತಿಳಿಸಿ. ನಮ್ಮ ಊರಿಂದ ಹೋದೋರು ಸಾಕಷ್ಟಾಯ್ತು. ಒಬ್ಬೊಬ್ಬರನ್ನೇ ಕರ್ಕೊಂಡು ಹೋಗಿ, ಕೊನೆಗೆ ಇಲ್ಲಿ ಯಾರೂ ಇಲ್ಲ, ಕುಶಲತೆ ಕಡಿಮೆ ಅಂತ ಬರೀತೀರಿ. ಕೈ ಬೇಕಾ? ಕೈ ಇರೋ ಕಡೆ ಬನ್ನಿ. ನಾನು ಬರಲ್ಲ."

ವಿಜಯಕುಮಾರ್ ಬೆವರು ಒರೆಸಿಕೊಳ್ಳುತ್ತ ಸೆಲ್ವರಾಜರ ಕಡೆ ತಿರುಗಿದರು.

"ಹೇಳೋದು ಬೇಡ, ಅಷ್ಟು ಕನ್ನಡ ನನಗೂ ಅರ್ಥ ಆಗುತ್ತೆ," ಅಂದರು ಸೆಲ್ವರಾಜ್, ಮುಖ ಬಿಗಿದುಕೊಂಡು. "ನೀವು ಬರದಿದ್ರೆ ನಮ್ಮ ಕೆಲಸವೂ ನಿಮಗೆ ಬರದೇ ಇರಬಹುದು."

"ಬರದಿದ್ರೆ ಬೇಡ," ಎಂದು ಅವಳು ತನ್ನ ಪ್ಯಾಟರ್ನ್ ಎತ್ತಿಕೊಂಡು ಹೊರಗೆ ಬಂದಳು. ಕಬ್ಬಿಣದ ಮುಚ್ಚಳ ಅವರ ಮೇಜಿನ ಮೇಲೇ ಉಳಿಯಿತು.

ಆಟೋ ವಿದ್ಯಾನಗರ ದಾಟುವವರೆಗೂ ಅವಳು ಪ್ಯಾಟರ್ನನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಆರು ಜನರ ಪರವಾಗಿ ಒಬ್ಬಳೇ ಬೇಡ ಅಂದುಬಿಟ್ಟಿದ್ದಳು. "ಭೀಮೇಶ, ನಿಮ್ಮನ್ನ ಯಾರನ್ನೂ ಒಂದು ಮಾತು ಕೇಳಲಿಲ್ಲ ನಾನು. ನಿನಗೆ ಹೋಗ್ಬೇಕು ಅನ್ಸಿದ್ರೆ ಹೋಗು. ನಾನು ಬೇಜಾರು ಮಾಡ್ಕೊಳ್ಳಲ್ಲ."

"ಬೇಜಾರು ಮಾಡ್ಕೊಳ್ತೀರ," ಅಂದ ಭೀಮೇಶ. "ನಿನ್ನೆ ಇನ್ನೊಂದು ಮಾಡೋಣ ಅಂದೆನಲ್ಲ, ಅದಕ್ಕೆ ನನಗೇ ನಾಚಿಕೆ ಆಗ್ತಿದೆ. ಆ ಸಾಲು ಹೊಡೆದುಹಾಕು ಅಂದ್ರಲ್ಲಕ್ಕ, ಅದನ್ನ ಕೇಳಿದ ಮೇಲೆ ನಾನು ಎಲ್ಲಿಗೆ ಹೋಗ್ಲಿ?"

ಒಂದು ತಿಂಗಳು ಏನೂ ಆಗಲಿಲ್ಲ. ಬಂಗಾರಮ್ಮನ ಸೊಕ್ಕಿನಿಂದ ಕಂಪನಿ ಕೈತಪ್ಪಿತು ಎಂದು ಸಂಘದಲ್ಲಿ ಮಾತಾಯಿತು. ಟೀ ಅಂಗಡಿಯಲ್ಲಿ ಕೆಲವರು ಮುಖ ತಿರುಗಿಸಿದರು. ಅವಳು ಅದೇ ಅಂಗಡಿಗೆ ಹೋಗಿ, ಅದೇ ಬೆಂಚಿನ ಮೇಲೆ ಕೂತು, ದಿನಾ ಎರಡು ಸಲ ಟೀ ಕುಡಿದಳು. ಹೆದರಿಕೆ ಇರಲಿಲ್ಲವೇ? ಇತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆದರೆ ಅಂದ ಮಾತನ್ನು ಮನಸ್ಸಿನಲ್ಲಿ ಎಷ್ಟು ಸಲ ತಿರುವಿಹಾಕಿದರೂ ಬೇರೆ ಮಾತು ಸಿಗಲಿಲ್ಲ.

ಒಂದು ಸೋಮವಾರ ಮಧ್ಯಾಹ್ನ ಶೆಡ್ಡಿನ ಮುಂದೆ ಆಟೋ ನಿಂತಿತು. ಸೆಲ್ವರಾಜ್ ಒಬ್ಬರೇ ಇಳಿದರು. ಹಾರವಿಲ್ಲ, ಪಟ್ಟಿಯಿಲ್ಲ, ನಿಶಾಂತನೂ ಇಲ್ಲ.

"ಆ ಮುಚ್ಚಳ ನಮ್ಮ ಪಂಪಿಗೆ ಸರಿಯಾಗಿ ಕೂತಿತು," ಅಂದರು. "ದೊಡ್ಡ ಘಟಕ ಈಗಲೇ ಆಗಲ್ಲ. ಸಣ್ಣದಾಗಿ ಶುರು ಮಾಡೋಣ ಅಂತ. ನಿಮ್ಮೂರಲ್ಲಿ ಏನೇನು ಇದೆ ಅಂತ ಎಲ್ಲರೂ ಹೇಳಿದ್ರು. ಏನೇನು ಇಲ್ಲ, ಅದನ್ನ ನೀವು ಹೇಳಿ."

ಬಂಗಾರಮ್ಮ ಅವರಿಗೊಂದು ಸ್ಟೂಲು ಕೊಟ್ಟು ಎದುರಿಗೆ ನಿಂತಳು. "ಮಳೆಗಾಲದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತೆ. ಈ ರಸ್ತೆಯಲ್ಲಿ ದೊಡ್ಡ ಲಾರಿ ತಿರುಗಲ್ಲ. ಒಳ್ಳೆ ಮರಳು ದೂರದಿಂದ ಬರಬೇಕು. ಸಂಘದೋರು ಬರೀ ಹಾರ ತರ್ತಾರೆ. ಭದ್ರಾವತಿಯಲ್ಲಿ ಮುಚ್ಚಿದ ಗೇಟು ಇದೆ, ಬೇಕಾದ್ರೆ ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ. ಇಷ್ಟೆಲ್ಲ ಇಲ್ಲ ಐಯಾ. ನಾವಿದ್ದೀವಿ. ಸಾಕೋ, ಸಾಲದೋ?"

ಸೆಲ್ವರಾಜ್ ಕೋಲು ಊರಿಕೊಂಡು ಎದ್ದು ಬಾಗಿಲಿಗೆ ಹೋದರು. ಹೊರಗೆ ನೋಡಿ, ಪಕ್ಕದ ಖಾಲಿ ಶೆಡ್ಡಿನ ಕೀ ಯಾರ ಹತ್ತಿರ ಇದೆ ಎಂದು ಕೇಳಿದರು.