ಲೋಟಕ್ಕೆ ಚಮಚ ಬಡಿದ ಸದ್ದು

ಬೆಳಿಗ್ಗೆ ಕೊಟ್ಟಿಗೆ ಗುಡಿಸಿದೆ, ಹಾಲು ಕಾಯಿಸಿದೆ. ಬಟ್ಟೆ ಒಗೆದು ಹರವಿದೆ. ಮಧ್ಯಾಹ್ನ ಹುರುಳಿಕಾಳು ಬೇಯಿಸಿಟ್ಟೆ. ಸಂಜೆ ಚರ್ಚಿಗೆ ಹೋದೆ. ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ಆ ದಿನ ನನಗೆ ಜ್ವರವಿರಲಿಲ್ಲ, ಹೊಟ್ಟೆ ಖಾಲಿಯೂ ಇರಲಿಲ್ಲ. ನಡೆದದ್ದನ್ನೇ ಬರೆಯುತ್ತಿದ್ದೇನೆ.

ನಮ್ಮ ಚರ್ಚು ಕುಂದಾಣದ ಹತ್ತಿರ. ಏರ್‌ಪೋರ್ಟ್ ಬಂದ ಮೇಲೆ, ವಿಮಾನ ಹಾರಿದಾಗಲೆಲ್ಲ ಚರ್ಚಿನ ಕಿಟಕಿ ಗಾಜುಗಳು ನಡುಗುತ್ತವೆ. ಅವತ್ತು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ. ಫಾದರ್ ಬೇರೆ ಊರಿಂದ ಬರಬೇಕಿತ್ತು, ಸಿಸ್ಟರ್ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿಸಿ ಹೊರಟರು. ಪಾಪನಿವೇದನೆಗೆಂದು ಉಳಿದವಳು ನಾನೊಬ್ಬಳೇ.

ಕರೆಂಟ್ ಹೋಯಿತು...

ಪಾಪನಿವೇದನೆಯ ಮರದ ಗೂಡಿನೊಳಗೆ ಯಾರೋ ಕೆಮ್ಮಿದರು. ಫಾದರ್ ಪಕ್ಕದ ಬಾಗಿಲಿಂದ ಬಂದು ಕೂತರೇನೋ ಎಂದು ಜಾಲರಿಯ ಮುಂದೆ ಮೊಣಕಾಲೂರಿದೆ. ಪ್ರತಿ ವರ್ಷದ ಪಾಠವನ್ನೇ ಒಪ್ಪಿಸಿದೆ.

"ನಮ್ಮತ್ತೆ ಬದುಕಿದ್ದಾಗ ಬಾಯಿಗೆ ಬಂದಂಗೆ ಬೈತಿದ್ರು, ಅದಕ್ಕೇ ಸಿಟ್ಟು ಮಾಡ್ಕೊಂಡೆ. ನಮ್ಮ ನಾದಿನಿ ಊರೆಲ್ಲಾ ಚಾಡಿ ಹೇಳ್ತಾಳೆ, ಅದಕ್ಕೇ..."

"ಅವೆಲ್ಲ ಅವರವು." ದನಿ ಗಂಡಸಿನದೋ ಹೆಂಗಸಿನದೋ ತಿಳಿಯಲಿಲ್ಲ. "ನಿಂದು ಹೇಳು."

ನೀಲಗಿರಿ ಎಣ್ಣೆಯ ವಾಸನೆ ಬಂತು. ಆಮೇಲೆ ಜಾಲರಿಯಾಚೆ... ಟಿಣ್. ಟಿಣ್. ಟಿಣ್.

ಎದೆಗೆ ನೀಲಗಿರಿ ಎಣ್ಣೆ ಹಚ್ಚಿಕೊಂಡು ಹಾಸಿಗೆ ಹಿಡಿದಿದ್ದ ನಮ್ಮತ್ತೆ ನೀರು ಬೇಕಾದಾಗ ಸ್ಟೀಲ್ ಲೋಟಕ್ಕೆ ಚಮಚದಿಂದ ಹೀಗೇ ಮೂರು ಸಲ ಬಡಿಯುತ್ತಿದ್ದರು. ಕೊನೆಯ ರಾತ್ರಿಯೂ ಬಡಿದರು. ನಾನು ಕೇಳಿಸಿಕೊಂಡೆ. ಕಂಬಳಿ ತಲೆಗೆ ಎಳೆದುಕೊಂಡೆ. ಬೆಳಿಗ್ಗೆ ಲೋಟ ನೆಲದಲ್ಲಿ ಬಿದ್ದಿತ್ತು, ಅವರ ಕೈ ತಣ್ಣಗಿತ್ತು. ಅಮ್ಮನನ್ನು ಇವಳು ಮಗುವಿನ ಹಾಗೆ ನೋಡಿಕೊಂಡಳು ಎಂದು ನಮ್ಮ ಯಜಮಾನರು ಮಣ್ಣಿಗೆ ಬಂದವರಿಗೆಲ್ಲ ಹೇಳಿದರು. ನಾನು ಸುಮ್ಮನೆ ತಲೆಯಾಡಿಸಿದೆ.

ಅದನ್ನೆಲ್ಲ ಜಾಲರಿಗೆ ಹೇಳಿದೆ. ಅಳು ಬರಲಿಲ್ಲ.

ಕರೆಂಟ್ ಬಂತು. ಮುಂಬಾಗಿಲಲ್ಲಿ ಫಾದರ್, ಕೈಯಲ್ಲಿ ಹೆಲ್ಮೆಟ್.

"ತಡ ಆಗ್ಬಿಡ್ತಮ್ಮ, ಗಾಡಿ ಪಂಕ್ಚರ್ರು. ಯಾರತ್ರ ಮಾತಾಡ್ತಿದ್ದೆ?"

ಗೂಡಿನೊಳಗೆ ಇಣುಕಿದೆ. ಅವರ ಕುರ್ಚಿಯ ಮೇಲೆ ಧೂಳು ಕದಡದೆ ಹಾಗೇ ಇತ್ತು.

ಅವರ ಮುಂದೆ ಇನ್ನೊಂದು ಸಲ ಎಲ್ಲ ಹೇಳಿದೆ. ಪಾಪಕ್ಷಮೆ ಕೊಟ್ಟು, "ಮನೇಲಿ ಹೇಳ್ಬೇಕಾದೋರು ಯಾರಾದ್ರೂ ಇದ್ದಾರಾ, ಯೋಚ್ನೆ ಮಾಡು," ಎಂದರು.

ನಾನು ಮನೆ ಮುಟ್ಟುವ ಹೊತ್ತಿಗೆ ನಮ್ಮವರು ಏರ್‌ಪೋರ್ಟಿನಲ್ಲಿ ಲೋಡಿಂಗ್ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದರು. "ಏನೇ, ಇಷ್ಟೊತ್ತು? ಅಷ್ಟೊಂದು ಪಾಪ ಇತ್ತಾ?" ಎಂದು ನಕ್ಕರು.

"ರೀ, ಅವತ್ತು ಅತ್ತೆ ಲೋಟ ಬಡಿದಿದ್ದು ನಂಗೆ ಕೇಳಿಸ್ತು. ಎದ್ದೇಳಲಿಲ್ಲ."

ಅವರು ಶೂ ಬಿಚ್ಚುವುದನ್ನು ನಿಲ್ಲಿಸಿದರು.

"ನಂಗೂ ಕೇಳಿಸ್ತು ಕಣೇ... ನೀನು ಏಳ್ತೀಯ ಅಂತ ಮಲ್ಕೊಂಡಿದ್ದೆ."

ಗೂಡಿನಲ್ಲಿ ಕೆಮ್ಮಿದ್ದು ಯಾರು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಪಕ್ಕದ ಬಾಗಿಲಿಗೆ ಅವತ್ತು ಹೊರಗಿನಿಂದ ಬೀಗ ಹಾಕಿತ್ತಂತೆ, ಆಮೇಲೆ ಸಿಸ್ಟರ್ ಹೇಳಿದರು.

ಆ ರಾತ್ರಿ ಮುದ್ದೆ, ಹುರುಳಿ ಸಾರು ಉಂಡೆವು. ಮೊದಲು ಮಲಗಿದವರು ಅವರು. ನಿದ್ದೆ ಬಂದಿತ್ತೋ, ಅವತ್ತಿನ ಹಾಗೆ ಸುಮ್ಮನೆ ಕಣ್ಣು ಮುಚ್ಚಿಕೊಂಡಿದ್ದರೋ... ಕೇಳಲಿಲ್ಲ.