ಹುಳಿಯಿಲ್ಲದ ಮೂರು ತಿಂಗಳು

ನನ್ನ ಹೆಂಡತಿ ತನ್ನ ಕೊನೆಗಾಲದಲ್ಲಿ ಮೂರು ತಿಂಗಳು ಹುಳಿ ತಿನ್ನಲಿಲ್ಲ. ತಿನ್ನಲು ಬಿಡದವನು ನಾನು.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾವು ಕ್ಯಾಲಿಫೋರ್ನಿಯಾದ ಟೊರೆನ್ಸ್‌ನಲ್ಲಿದ್ದೆವು. ಅವಳಿಗೆ ಹೊಟ್ಟೆಯ ಕ್ಯಾನ್ಸರ್. ಇನ್ನು ಮಾಡುವುದೇನೂ ಇಲ್ಲ ಎಂದು ಆಸ್ಪತ್ರೆಯವರು ಹೇಳಿದ ಮೇಲೆ, ನನ್ನ ಕಾರ್ಖಾನೆಯ ತೈವಾನಿನ ಗೆಳೆಯ ನಮ್ಮನ್ನು ಲಾಸ್ ಏಂಜಲೀಸ್‌ನ ಚೈನಾಟೌನಿಗೆ ಕರೆದುಕೊಂಡು ಹೋದ. ಗಿಡಮೂಲಿಕೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ವಯಸ್ಸಾದ ವೈದ್ಯರಿದ್ದರು. ಅವರು ಅವಳ ಎರಡೂ ಕೈಗಳ ನಾಡಿ ಹಿಡಿದು ತುಂಬ ಹೊತ್ತು ಕೂತರು. ನಾಲಿಗೆ ನೋಡಿದರು. ಅವರು ಹೇಳಿದ್ದನ್ನು ಗೆಳೆಯ ಇಂಗ್ಲಿಷಿನಲ್ಲಿ ತಿಳಿಸಿದ. ದೇಹದಲ್ಲಿ ಐದು ತತ್ವಗಳಿವೆ: ಮರ, ಬೆಂಕಿ, ಮಣ್ಣು, ಲೋಹ, ನೀರು. ಒಂದು ಇನ್ನೊಂದನ್ನು ಸಾಕುತ್ತದೆ, ಮತ್ತೊಂದನ್ನು ಹಿಡಿತದಲ್ಲಿಡುತ್ತದೆ. ಹೊಟ್ಟೆ ಮಣ್ಣು, ಲಿವರ್ ಮರ. ಮರ ಬಲಿತರೆ ಮಣ್ಣನ್ನು ಸೀಳುತ್ತದೆ. ಹುಳಿ ಮರದ ರುಚಿ, ಸಿಟ್ಟು ಮರದ ಗುಣ. ಎರಡನ್ನೂ ಕಡಿಮೆ ಮಾಡಿ.

"ನಮ್ಮ ಐದರಲ್ಲಿ ಗಾಳಿ, ಆಕಾಶ ಇದೆ. ಇವರದ್ರಲ್ಲಿ ಉಸಿರಾಡೋದು ಹೇಗ್ರೀ?" ಎಂದಳು ನನ್ನ ಹೆಂಡತಿ, ಕನ್ನಡದಲ್ಲಿ. ಅಂದು ಅವಳಿಗೆ ನಗುವಷ್ಟು ಶಕ್ತಿಯಿತ್ತು.

ನಾನು ಡಿಪ್ಲೊಮಾ ಓದಿದವನು. ವಿಮಾನದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಪಕ್ಕಕ್ಕೆ ಹಾಕುವುದು ನನ್ನ ಕೆಲಸ. ಗ್ರಾಫ್ ಹಾಳೆಯ ಮೇಲೆ ಐದು ವೃತ್ತ ಬರೆದು, ಬಾಣ ಎಳೆದು, ಫ್ರಿಜ್ಜಿಗೆ ಅಂಟಿಸಿದೆ. ಮೆಕ್ಸಿಕನ್ ಅಂಗಡಿಯಿಂದ ತಂದಿದ್ದ ಹುಣಸೆಹಣ್ಣು ಕಸಕ್ಕೆ ಹೋಯಿತು. ನಿಂಬೆ, ಮೊಸರು, ಟೊಮೇಟೊ ಎಲ್ಲವೂ ಹೋದವು. ಅಡುಗೆ ಆಗ ನನ್ನ ಕೈಯಲ್ಲಿತ್ತು.

"ಇದೇನು ಸಾರಾ, ಬೇಳೆ ತೊಳೆದ ನೀರಾ?"

"ಹುಳಿ ನಿಂಗೆ ಆಗಲ್ಲ."

"ಒಂದೇ ಒಂದು ಚೂರು ಕಿವುಚಿ ಹಾಕ್ರೀ. ಅನ್ನ ಗಂಟಲಲ್ಲಿ ಇಳೀತಿಲ್ಲ."

"ಸಿಟ್ಟು ಮಾಡ್ಕೋಬೇಡ. ಅದೂ ಮರಾನೇ."

"ಮರ ನಾನಲ್ಲ, ನೀವು!"

ದಿನವೂ ಇದೇ ಜಗಳ. ಹುಳಿ ತಪ್ಪಿಸಲು ಹೋಗಿ ದಿನಕ್ಕೆರಡು ಸಲ ಅವಳಿಗೆ ಸಿಟ್ಟು ಬರಿಸುತ್ತಿದ್ದೆ. ನಾನೇ ಬರೆದ ಹಾಳೆಯಲ್ಲಿ ಅದೂ ಇತ್ತು; ನನಗೆ ಕಾಣಲಿಲ್ಲ. ಎರಡು ತಿಂಗಳಾದ ಮೇಲೆ ಅವಳು ಬೈಯುವುದನ್ನು ನಿಲ್ಲಿಸಿದಳು. ಪಥ್ಯ ಫಲಿಸಿತು, ಮರ ತಣ್ಣಗಾಯಿತು ಎಂದು ಗೆಳೆಯನಿಗೆ ಹೇಳಿಕೊಂಡೆ. ಅವಳು ಕೇಳುವುದನ್ನು ಬಿಟ್ಟಿದ್ದಳು, ಅಷ್ಟೇ.

ಮೂರನೆಯ ತಿಂಗಳ ಕೊನೆಗೆ ವೈದ್ಯರು ಮತ್ತೆ ನಾಡಿ ನೋಡಿ, ಏನು ತಿನ್ನಲು ಆಸೆ ಎಂದು ಅವಳನ್ನು ಕೇಳಿದರು. ಅವಳು ನನ್ನ ಮುಖ ನೋಡಿ, "ಏನೂ ಇಲ್ಲ ಅಂತ ಹೇಳ್ರೀ" ಎಂದಳು. ಹುಳಿ ಒಂದು ಹನಿಯನ್ನೂ ಕೊಟ್ಟಿಲ್ಲವೆಂದು ನಾನು ಹೆಮ್ಮೆಯಿಂದ ಹೇಳಿದೆ. ಗೆಳೆಯ ಅದನ್ನು ಚೀನೀ ಭಾಷೆಯಲ್ಲಿ ಹೇಳಿದಾಗ ಮುದುಕರು ನಾಡಿಯಿಂದ ಕೈ ತೆಗೆದರು.

"ಕಡಿಮೆ ಮಾಡಿ ಅಂದೆ. ಊಟವನ್ನೇ ಕಿತ್ತುಕೊಳ್ಳಿ ಅನ್ನಲಿಲ್ಲ. ಇನ್ನು ಕೇಳಿದ್ದು ಕೊಡಿ."

ಅಂದು ಸಂಜೆಯೇ ಹುಣಸೆಹಣ್ಣು ತಂದು, ನೆನೆಸಿ, ಸಾರು ಮಾಡಿದೆ. ಅವಳು ಒಂದು ಚಮಚ ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು.

"ಸರಿಯಾಗಿದ್ಯಾ?"

"ಚೆನ್ನಾಗಿದೆ ಕಣ್ರೀ. ಅಮ್ಮ ಮಾಡ್ದಂಗಿದೆ."

ಬಟ್ಟಲನ್ನು ಅಡುಗೆಮನೆಗೆ ತಂದು ನಾನೂ ಒಂದು ಚಮಚ ಕುಡಿದೆ. ಉಪ್ಪು ಹಾಕಿರಲೇ ಇಲ್ಲ. ಅವಳು ಬೇಡಿದ ದಿನಗಳಲ್ಲಿ ಅವಳ ನಾಲಿಗೆಗೆ ರುಚಿ ತಿಳಿಯುತ್ತಿತ್ತು.