ಮೊಲದ ಪುಪ್ಪುಸ ಸೀಳಿ ನೋಡಿದ ಭಾಗಮ್ಮ

ಸೇಡಂ ಕಡೆಯ ಮುಧೋಳದ ಭಾಗಮ್ಮನ ಗಂಡ ಅಂಬಾರಾಯ ಬಲೆ ಕಟ್ಟಿ ಮೊಲ ಹಿಡಿಯುವವನು. ಹಿಡಿಯುವುದು ಅವನ ಕೆಲಸ, ಸುಲಿದು ಹಸನು ಮಾಡುವುದು ಇವಳದು. ಇಪ್ಪತ್ತು ವರ್ಷದಲ್ಲಿ ಎಷ್ಟು ಮೊಲ ಬಿಚ್ಚಿದ್ದಳೋ, ಪುಪ್ಪುಸವನ್ನು ಮಾತ್ರ ಕಣ್ಣೆತ್ತಿ ನೋಡದೆ ನಾಯಿಗೆ ಎಸೆದಿದ್ದಳು.

ನಿಜಾಮರ ಕಾಲ, ಸಾವಿರದ ಒಂಬೈನೂರಾ ಮೂವತ್ತಾರರ ಮಳೆಗಾಲ. ಅವಳ ಹನ್ನೊಂದು ಆಡುಗಳಲ್ಲಿ ಐದಕ್ಕೆ ಕೆಮ್ಮು ಹತ್ತಿತು. ಮೇವು ಬಿಟ್ಟು, ಪಕ್ಕೆಲುಬು ಎದ್ದು, ಒಂದು ತಿಂಗಳಲ್ಲಿ ಮೂರು ಸತ್ತವು. ಯಾರದೋ ಕಣ್ಣು ಬಿದ್ದಿದೆ ಎಂದರು ಓಣಿಯವರು. ಭಾಗಮ್ಮ ಮೂರನೆಯದನ್ನು ಹೂಳಲು ಬಿಡಲಿಲ್ಲ. ಕತ್ತಿ ತಂದು ಎದೆ ಸೀಳಿದಳು. ಪುಪ್ಪುಸದ ಅಂಚಿನಲ್ಲಿ ಜೋಳದ ಕಾಳಿನಂಥ ಬೂದು ಗಂಟುಗಳು. ಒಂದನ್ನು ಉಗುರಿನಿಂದ ಒಡೆದರೆ ಕೂದಲೆಳೆಯಂಥ ಹುಳ.

ಆ ವಾರವೇ ಗಂಡ ತಂದ ಮೊಲದ ಪುಪ್ಪುಸವನ್ನೂ ಬೆಳಕಿಗೆ ಹಿಡಿದಳು. ಅಂಥವೇ ಗಂಟು, ಅಂಥವೇ ಎಳೆ.

"ಇದನ್ನ ಎಲ್ಲಿ ಹಿಡದಿ?"

"ಹಳ್ಳದ ದಂಡ್ಯಾಗ. ಯಾಕ?"

"ಇನ್ನಮ್ಯಾಲ ಪ್ರತಿ ಮೊಲ ಎಲ್ಲಿ ಸಿಕ್ತು ಅಂತ ಹೇಳಬೇಕು ನೀ."

"ಮೊಲಕ್ಕ ಊರು, ಕೇರಿ ಕೇಳಾಕತ್ತೀಯಲ್ಲ!" ಎಂದು ಅಂಬಾರಾಯ ನಕ್ಕ.

ಅವಳು ನಗಲಿಲ್ಲ. ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯತೊಡಗಿದಳು: ಒಂದು ಕಡೆ ಹಳ್ಳದ ಮೊಲ, ಇನ್ನೊಂದು ಕಡೆ ಫರಸಿಕಲ್ಲಿನ ಒಣ ದಿಬ್ಬದ್ದು. ಬಾವಿಯಲ್ಲಿ ಅವಳ ಕೊಡ ಕಂಡರೆ ಹೆಂಗಸರು ಸರಿದು ನಿಲ್ಲುತ್ತಿದ್ದರು, ರಕ್ತದಲ್ಲಿ ಕೈ ಇಟ್ಟು ಅದೇನು ಹುಡುಕುತ್ತಾಳೋ ಎಂದು. ಆದರೂ ಭಾಗಮ್ಮ ಬಿಡಲಿಲ್ಲ. ಸಂಕ್ರಾಂತಿ ಹೊತ್ತಿಗೆ ಹಳ್ಳದ ಒಂಬತ್ತು ಮೊಲಗಳಲ್ಲಿ ಆರಕ್ಕೆ ಗಂಟಿದ್ದವು. ದಿಬ್ಬದ ಹನ್ನೆರಡರಲ್ಲಿ ಒಂದಕ್ಕೆ. ಹಳ್ಳದ ಬಳಿ ಸತ್ತುಬಿದ್ದಿದ್ದ ಚಿಗರಿ ಜಿಂಕೆಗೂ ಹಾಗೇ. ಅವಳ ಆಡು ಮೇಯುತ್ತಿದ್ದುದೂ ಹಳ್ಳದಲ್ಲೇ.

ನಾಲ್ಕನೆಯ ಆಡು ಸತ್ತ ದಿನ ಅದರದೊಂದು, ಮೊಲದ್ದೊಂದು ಪುಪ್ಪುಸವನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಕೊಂಡು ಸೇಡಂಗೆ ನಡೆದಳು. ದನದ ಡಾಕ್ಟರ್ ಅಮೀರ್ ಅಲಿ ಮೊದಲು ಮೂಗು ಮುಚ್ಚಿಕೊಂಡರು. ಅವಳು ಕದಲದೆ ಬಾಗಿಲಲ್ಲೇ ಕುಳಿತಳು. ಕೊನೆಗೆ ಅವರು ಭೂತಗನ್ನಡಿ ತೆಗೆದು ನೋಡಿದರು, ನೋಡುತ್ತಲೇ ಉಳಿದರು.

"ಎರಡೂ ಒಂದೇ ಹುಳ ಅಂತ ನಾ ಹೇಳಂಗಿಲ್ಲವ್ವ. ಮೊಲದ್ದು ಬ್ಯಾರೆ, ಆಡಿಂದು ಬ್ಯಾರೆ ಇರಬಹುದು. ಆದ್ರ ದಾರಿ ಒಂದೇ ಅಂತ ಕಿತಾಬಿನ್ಯಾಗ ಅದ. ಹಿಕ್ಕಿಯೊಳಗಿನ ಮರಿಹುಳ ಬಸವನಹುಳದ ಮೈ ಸೇರ್ತದ. ಆ ಬಸವನಹುಳ ಹುಲ್ಲಿನ ಜೋಡಿ ಹೊಟ್ಟಿಗಿ ಹೋದ್ರ, ಅಲ್ಲಿಂದ ಪುಪ್ಪುಸಕ್ಕ."

"ದವಾ ಕೊಡ್ರಿ ಸಾಹೇಬ್ರ."

"ಖಾತ್ರಿ ದವಾ ನನ್ನ ಹತ್ರ ಇಲ್ಲ."

"ಬಸವನಹುಳ ಎಲ್ಲಿರ್ತಾವ?"

"ತಂಪು ಇದ್ದಲ್ಲಿ. ಇಬ್ಬನಿ ಇರೋತನ ಹುಲ್ಲಿನ ಮ್ಯಾಲ ಏರ್ತಾವ."

"ಹಂಗಾರ ಆ ದಾರೀನೇ ಬಂದ್ ಮಾಡ್ತೀನಿ" ಎಂದು ಎದ್ದಳು ಭಾಗಮ್ಮ.

ಅಂದಿನಿಂದ ಬಿಸಿಲೇರಿ ಹುಲ್ಲು ಒಣಗುವವರೆಗೆ ಅವಳು ಆಡುಗಳ ಹಗ್ಗ ಬಿಚ್ಚಲಿಲ್ಲ. ಮಳೆಗಾಲದಲ್ಲಿ ಹಳ್ಳದ ಹಸಿರು ಬಿಟ್ಟು ದಿಬ್ಬಕ್ಕೇ ಹೊಡೆದುಕೊಂಡು ಹೋದಳು. ಅಲ್ಲಿ ಮೇವು ಕಡಿಮೆ. ಹಾಲು ಅರ್ಧಕ್ಕಿಳಿಯಿತು, ಅಂಬಾರಾಯ ಗೊಣಗಿದ. ಮೊದಲೇ ಕೆಮ್ಮುತ್ತಿದ್ದ ಐದನೆಯದೂ ಸತ್ತಾಗ "ಏನು ಬಂತು ನಿನ್ನ ಕಲ್ಲಿನ ದಿಬ್ಬದಿಂದ?" ಎಂದ. ಅವಳು ತಾನೇ ತಲೆಹೊರೆ ಜಾಲಿಕಾಯಿ ಆರಿಸಿ ತಂದು ಆಡಿನ ಮುಂದೆ ಸುರಿದಳು.

ಎರಡು ಮಳೆಗಾಲ ಕಳೆದವು. ದಿಬ್ಬದಲ್ಲೇ ಬೆಳೆದ ಎಂಟು ಮರಿಗಳಲ್ಲಿ ಒಂದೂ ಕೆಮ್ಮಲಿಲ್ಲ. ಹಳ್ಳಕ್ಕೆ ಬಿಟ್ಟವರ ಹಟ್ಟಿಗಳಲ್ಲಿ ಸಾವು ನಿಂತಿರಲಿಲ್ಲ. ಬಾವಿಯಲ್ಲಿ ಎಲ್ಲರಿಗಿಂತ ಮೊದಲು ಸರಿದು ನಿಲ್ಲುತ್ತಿದ್ದ ಮಹಾದೇವಮ್ಮ ಒಂದು ಮುಂಜಾನೆ ತನ್ನ ಆರು ಆಡು ಹೊಡೆದುಕೊಂಡು ಬಂದು ಅಂಗಳದಲ್ಲಿ ನಿಂತಳು.

"ಭಾಗವ್ವ, ನಿನ್ನ ಜೋಡಿ ಬರ್ಲೇನು?"

"ಬಾ, ಕುಂದ್ರು" ಎಂದಳು ಭಾಗಮ್ಮ. "ಹುಲ್ಲು ಇನ್ನಾ ಹಸಿ ಅದ. ಬಿಸಿಲು ಏರಲಿ, ಕೂಡೇ ಹೋಗಮು."